ನಡುಕದ ಮೂಲ: ದೊಡ್ಡ ಫೋರ್ ವೀಲ್ ಡ್ರೈವ್ ವಾಹನಗಳ ದುರಸ್ತಿಯಲ್ಲಿ ಲೆಕ್ಕಾಚಾರದ ಬೆಲೆ

ಚಿಕ್ಕಮಗಳೂರಿನ ಕಾಫಿ ವರ್ತಕರೊಬ್ಬರ ಬಳಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ದೊಡ್ಡ ಡೀಸೆಲ್ ವಾಹನವೊಂದಿದೆಯೆಂದು ಉದಾಹರಣೆಗಾಗಿ ಭಾವಿಸಬಹುದು. ತೋಟದ ಕಡಿದಾದ ದಾರಿಗೂ ಅದೇ, ಬೆಂಗಳೂರು ಮಂಗಳೂರುಗಳ ಪ್ರಯಾಣಕ್ಕೂ ಅದೇ. ಮಳೆಗಾಲ ಮುಗಿಯುತ್ತಿದ್ದಂತೆ ಅದರ ಕ್ಲಚ್ ಬದಲಾಯಿಸಲಾಯಿತು. ಅದಾದ ವಾರದೊಳಗೆ, ಹೆದ್ದಾರಿಯಲ್ಲಿ ಗಂಟೆಗೆ 85 ಕಿ.ಮೀ. ವೇಗ ದಾಟಿದೊಡನೆ ಕಾಲಡಿಯ ನೆಲ ಜುಮ್ಮೆನ್ನತೊಡಗಿತು. 90ರ ಸುಮಾರಿಗೆ ಅದು ದುಂಬಿಯ ಮೊರೆತದಂತೆ ಕಿವಿಗೂ ಕೇಳಿಸಿತು. 100 ದಾಟಿದರೆ ತುಸು ತಗ್ಗಿದಂತೆ ಅನ್ನಿಸಿತು. ಮೊದಲು ಚಕ್ರಗಳ ಬ್ಯಾಲೆನ್ಸಿಂಗ್ ಆಯಿತು. ಅನಂತರ ಅಲೈನ್‌ಮೆಂಟ್, ಅನಂತರ ನಾಲ್ಕು ಹೊಸ ಟೈರುಗಳು, ಕೊನೆಗೆ ಎಂಜಿನ್ನಿನ ರಬ್ಬರ್ ಮೌಂಟಿಂಗ್‌ಗಳು. ಪ್ರತಿ ಬಾರಿಯೂ ಬಿಲ್ ಬಂದಿತು. ನಡುಕ ಮಾತ್ರ ಹೋಗಲಿಲ್ಲ.

ಉದಾಹರಣೆ ಕಲ್ಪಿತವಾದರೂ ಅನುಭವ ಅನೇಕರಿಗೆ ಅಪರಿಚಿತವಲ್ಲ. ಇಲ್ಲಿ ಯಾರೂ ಮೋಸ ಮಾಡಿದ್ದಾರೆಂದು ಹೇಳಬೇಕಾಗಿಲ್ಲ. ಟೈರಿನವರಿಗೆ ದೋಷ ಟೈರಿನಲ್ಲಿ ಕಂಡಿತು, ಎಂಜಿನ್ ಮೇಸ್ತ್ರಿಗೆ ಎಂಜಿನ್ನಿನಲ್ಲಿ ಕಂಡಿತು. ಆದರೆ ಆ ನಡುಕ ಸೆಕೆಂಡಿಗೆ ಎಷ್ಟು ಬಾರಿ ಉಂಟಾಗುತ್ತಿದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರವನ್ನು ಯಾರೂ ಪಡೆಯಲಿಲ್ಲ. ತಿರುಗುವ ಪ್ರತಿಯೊಂದು ಭಾಗಕ್ಕೂ ತನ್ನದೇ ಆದ ವೇಗವಿರುತ್ತದೆ. ಆದ್ದರಿಂದ ನಡುಕದ ಎಣಿಕೆ ಸಿಕ್ಕಿದರೆ ದೋಷವಿರುವ ಭಾಗದ ವಿಳಾಸವೇ ಸಿಕ್ಕಂತೆ. ಈ ಎಣಿಕೆಗೆ ಬೇಕಾದುದು ಅರ್ಧ ಗಂಟೆಯ ಸವಾರಿ, ಒಂದು ಹಾಳೆ ಕಾಗದ, ಒಂದು ಪೆನ್ಸಿಲ್.

ವರ್ತಕರು ಗಮನಿಸಬೇಕಾದ ತೆರಿಗೆಯ ವಿಚಾರವೊಂದೂ ಇದರಲ್ಲಿದೆ. ಚಾಲಕನೂ ಸೇರಿ 13 ಮಂದಿಗೆ ಮೀರದ ಆಸನಗಳುಳ್ಳ ಪ್ರಯಾಣಿಕ ವಾಹನಗಳ ದುರಸ್ತಿ ಮತ್ತು ನಿರ್ವಹಣಾ ಸೇವೆಗೆ ತೆತ್ತ ಜಿಎಸ್‌ಟಿಯನ್ನು, ಕಾಯ್ದೆಯ 17(5)ನೇ ಕಲಮಿನ ಪ್ರಕಾರ, ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಲು ಸಾಮಾನ್ಯ ವರ್ತಕರಿಗೆ ಅವಕಾಶವಿಲ್ಲ. ವಾಹನಗಳನ್ನೇ ಮಾರುವವರು, ಪ್ರಯಾಣಿಕರ ಸಾಗಣೆಯನ್ನೇ ವೃತ್ತಿಯಾಗಿ ಉಳ್ಳವರು ಮುಂತಾದ ಕೆಲವರಿಗೆ ಮಾತ್ರ ವಿನಾಯಿತಿ ಇದೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ ಶೇಕಡ 28ರಿಂದ 18ಕ್ಕೆ ಇಳಿದಿರುವುದು ನಿಜ. ಆದರೂ ಊಹೆಯ ಮೇಲೆ ನಡೆದ ದುರಸ್ತಿಯ ಖರ್ಚು ತೆರಿಗೆಸಮೇತ ಮಾಲೀಕರ ಕೈಯಿಂದಲೇ ಹೋಗುತ್ತದೆ.

ಯಾವ ಭಾಗ, ಎಷ್ಟು ಸುತ್ತು?

ಸಾಮಾನ್ಯ ಕಾರಿಗೆ ಹೋಲಿಸಿದರೆ ಈ ವರ್ಗದ ವಾಹನಗಳಲ್ಲಿ ತಿರುಗುವ ಭಾಗಗಳು ಹೆಚ್ಚು. ಎಂಜಿನ್, ಕ್ಲಚ್, ಗೇರ್ ಬಾಕ್ಸ್, ಅದರ ಬೆನ್ನಿಗೆ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಅಲ್ಲಿಂದ ಹೊರಡುವ ಎರಡು ಪ್ರೊಪೆಲ್ಲರ್ ಶಾಫ್ಟ್‌ಗಳು, ಎರಡು ಡಿಫರೆನ್ಷಿಯಲ್‌ಗಳು, ಕೊನೆಗೆ ಚಕ್ರಗಳು. ಶಾಫ್ಟ್‌ನ ಪ್ರತಿ ತುದಿಯಲ್ಲೂ ಕ್ರಾಸ್ ಇರುವ ಜಾಯಿಂಟ್, ಉದ್ದ ಹಿಗ್ಗಿ ಕುಗ್ಗಲು ಹಲ್ಲುಗಳುಳ್ಳ ಸ್ಪ್ಲೈನ್. ಶಾಫ್ಟ್ ಬಹಳ ಉದ್ದವಾಗಿದ್ದರೆ ಅದನ್ನು ಎರಡು ತುಂಡು ಮಾಡಿ ನಡುವೆ ರಬ್ಬರಿನ ಆಸರೆಯುಳ್ಳ ಸೆಂಟರ್ ಬೇರಿಂಗ್ ಕೊಟ್ಟಿರುತ್ತಾರೆ. ಉದ್ದ ಅರ್ಧಕ್ಕಿಳಿದರೆ ಶಾಫ್ಟ್ ಬಾಗಿ ತೊನೆಯುವ ಅಪಾಯದ ವೇಗ ನಾಲ್ಕು ಪಟ್ಟು ಮೇಲಕ್ಕೆ ಹೋಗುತ್ತದೆ ಎಂಬುದು ಅದರ ಕಾರಣ.

ಇನ್ನು ಲೆಕ್ಕ. 265/65 ಆರ್ 17 ಎಂಬ ಅಳತೆಯ ಟೈರನ್ನು ತೆಗೆದುಕೊಂಡರೆ, ಅದರ ಅಗಲ 265 ಮಿ.ಮೀ., ಪಕ್ಕದ ಎತ್ತರ ಅಗಲದ ಶೇಕಡ 65, ಅಂದರೆ ಸುಮಾರು 172 ಮಿ.ಮೀ.; ರಿಮ್ಮಿನ ವ್ಯಾಸ 17 ಅಂಗುಲ, ಅಂದರೆ 432 ಮಿ.ಮೀ. ಒಟ್ಟು ವ್ಯಾಸ 776 ಮಿ.ಮೀ., ಸುತ್ತಳತೆ 2.44 ಮೀಟರ್. ವಾಹನದ ಭಾರ ಬಿದ್ದಾಗ ಇದು ತುಸು ಕಡಿಮೆಯಾದರೂ ಪತ್ತೆಯ ಕೆಲಸಕ್ಕೆ ಇಷ್ಟು ನಿಖರತೆ ಸಾಕು. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಆದ್ದರಿಂದ ಚಕ್ರ ಸೆಕೆಂಡಿಗೆ ಸುಮಾರು 10.25 ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್ಲಿನ ಅನುಪಾತ 4 ಎಂದು ಹಿಡಿದರೆ, ಪ್ರೊಪೆಲ್ಲರ್ ಶಾಫ್ಟ್ ಅದರ ನಾಲ್ಕು ಪಟ್ಟು, ಅಂದರೆ ಸೆಕೆಂಡಿಗೆ 41 ಸುತ್ತು, ನಿಮಿಷಕ್ಕೆ 2,460.

ಈ ಮೂರು ಅಂಕೆಗಳ ಸುತ್ತಲೇ ರೋಗಲಕ್ಷಣಗಳೆಲ್ಲ ನಿಲ್ಲುತ್ತವೆ. ಸೆಕೆಂಡಿಗೆ 10ರ ಆಸುಪಾಸಿನ ನಡುಕ ಚಕ್ರದ್ದು. ಅದು ಸ್ಟೀರಿಂಗ್ ಚಕ್ರವನ್ನೋ ಆಸನವನ್ನೋ ಕಣ್ಣಿಗೆ ಕಾಣುವಂತೆ ಅಲುಗಿಸುತ್ತದೆ. 41ರ ನಡುಕ ಶಾಫ್ಟ್‌ನ ತೂಕದ ಅಸಮತೋಲನ ಅಥವಾ ಬಾಗಿನದು. 82ರ ನಡುಕ, ಅಂದರೆ ಶಾಫ್ಟ್‌ನ ಒಂದು ಸುತ್ತಿಗೆ ಎರಡು ಏಟು, ಜಾಯಿಂಟುಗಳ ಕೋನ ಅಥವಾ ಜೋಡಣೆಯದು. ಅದು ಅಲುಗಾಟವಾಗಿ ಕಾಣುವುದಕ್ಕಿಂತ ಹೆಚ್ಚಾಗಿ ನೆಲದ ಜುಮ್ಮಾಗಿ, ಮೊರೆತವಾಗಿ ತಿಳಿಯುತ್ತದೆ. ಎಂಜಿನ್ನಿನದು ಬೇರೆಯೇ ಲೆಕ್ಕ: ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ದಹನಗಳಾಗುತ್ತವೆ.

ರಸ್ತೆಯ ಮೇಲಿನ ಪರೀಕ್ಷೆ

ಪರೀಕ್ಷೆಗೆ ಹೊರಡುವ ಮುನ್ನ ವಾಹನವನ್ನು ತೊಳೆಯಬೇಕು. ಇದು ಅಲ್ಪವೆಂದು ತೋರಬಹುದು. ಆದರೆ ಮಲೆನಾಡಿನ ಮಳೆಗಾಲ ಕಳೆದ ಮೇಲೆ ರಿಮ್ಮಿನ ಒಳಮೈಯಲ್ಲಿ ಒಂದೇ ಕಡೆ ಒಣಗಿ ಅಂಟಿದ ಕೆಸರು ಎಷ್ಟೋ ಬಾರಿ ನಡುಕದ ಏಕೈಕ ಕಾರಣವಾಗಿರುತ್ತದೆ. ಶಾಫ್ಟ್‌ನ ಮೇಲೆ ಹೆಪ್ಪುಗಟ್ಟಿದ ಕೆಸರು, ತುಕ್ಕುನಿರೋಧಕ ಲೇಪ ಬಳಿಯುವಾಗ ಕೈತಪ್ಪಿ ಶಾಫ್ಟ್‌ಗೆ ಬಿದ್ದ ದಪ್ಪ ಪದರ, ಇವೂ ಅದೇ ಕೆಲಸ ಮಾಡುತ್ತವೆ. ನೀರಿನ ಪೈಪಿನಿಂದ ಗುಣವಾಗುವ ರೋಗಕ್ಕೆ ಯಂತ್ರ ಬೇಕಾಗಿಲ್ಲ.

ಮೊದಲ ಪರೀಕ್ಷೆ ಗೇರಿನದು. ನಡುಕ ಸ್ಪಷ್ಟವಾಗಿರುವ ವೇಗದಲ್ಲಿ, ಅದೇ ವೇಗ ಕಾಯ್ದುಕೊಂಡು ಗೇರ್ ಬದಲಾಯಿಸಬೇಕು. ಎಂಜಿನ್ನಿನ ಸುತ್ತು ಬದಲಾದರೂ ನಡುಕದ ಸ್ವರ ಬದಲಾಗದಿದ್ದರೆ, ದೋಷ ಗೇರ್ ಬಾಕ್ಸಿನ ಆಚೆಗಿದೆ. ಸ್ವರ ಗೇರಿನೊಂದಿಗೆ ಏರಿಳಿದರೆ ಎಂಜಿನ್ ಅಥವಾ ಕ್ಲಚ್‌ನ ಕಡೆಗೆ ನೋಡಬೇಕು.

ಇಲ್ಲೊಂದು ಸೂಕ್ಷ್ಮವಿದೆ, ಅನುಭವಿಗಳೂ ಇದರಲ್ಲಿ ಎಡವುತ್ತಾರೆ. ಅನೇಕ ಐದು ಗೇರಿನ ಪೆಟ್ಟಿಗೆಗಳಲ್ಲಿ ನಾಲ್ಕನೆಯದು ನೇರ ಗೇರು. ಅದರಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಶಾಫ್ಟೂ ಒಂದೇ ಸುತ್ತು. ಆಗ 90 ಕಿ.ಮೀ. ವೇಗದಲ್ಲಿ ಎಂಜಿನ್ ಕೂಡ 41 ಸುತ್ತು ತಿರುಗುತ್ತದೆ, ಅದರ ದಹನಗಳೂ ಸೆಕೆಂಡಿಗೆ 82 ಆಗುತ್ತವೆ. ಜಾಯಿಂಟಿನ ದೋಷ ಯಾವುದು, ಎಂಜಿನ್ನಿನ ಸಹಜ ಮಿಡಿತ ಯಾವುದು ಎಂದು ಬೇರ್ಪಡಿಸಲು ಆ ಗೇರಿನಲ್ಲಿ ಸಾಧ್ಯವೇ ಇಲ್ಲ. ಐದನೆಯ ಗೇರಿನ ಅನುಪಾತ 0.8 ಎಂದಿದ್ದರೆ, ಅದೇ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 1,968 ಸುತ್ತಿಗೆ ಇಳಿಯುತ್ತದೆ, ದಹನಗಳು ಸೆಕೆಂಡಿಗೆ 66ರ ಸುಮಾರಿಗೆ ಬರುತ್ತವೆ. ಆಗ 82 ಬೇರೆಯಾಗಿ ನಿಲ್ಲುತ್ತದೆ. ವರ್ತಕರ ವಾಹನದ ಮೌಂಟಿಂಗ್‌ಗಳು ಬದಲಾದದ್ದು ನಾಲ್ಕನೆಯ ಗೇರಿನಲ್ಲಿ ಮಾಡಿದ ಪರೀಕ್ಷೆಯಿಂದ ಎಂದು ಭಾವಿಸಿದರೆ ಕಥೆಯ ಅರ್ಧ ಬಿಡಿಸಿದಂತಾಗುತ್ತದೆ.

ಎರಡನೆಯ ಪರೀಕ್ಷೆ, ಖಾಲಿ ಇರುವ ಸಮತಟ್ಟಾದ ರಸ್ತೆಯಲ್ಲಿ ವಾಹನವನ್ನು ನ್ಯೂಟ್ರಲ್‌ಗೆ ತಂದು ತಾನಾಗಿ ಉರುಳಲು ಬಿಡುವುದು. ಎಂಜಿನ್ ಚಾಲೂ ಇರಲೇಬೇಕು. ಅದನ್ನು ನಿಲ್ಲಿಸಿದರೆ ಬ್ರೇಕಿನ ಮತ್ತು ಸ್ಟೀರಿಂಗಿನ ಬಲ ಕುಂದುತ್ತದೆ. ಉರುಳುವಾಗಲೂ ನಡುಕ ಹಾಗೆಯೇ ಇದ್ದರೆ ಎಂಜಿನ್ ನಿರಪರಾಧಿ. ಎಳೆಯುವಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಎಂದಾದರೆ ಜಾಯಿಂಟುಗಳ ಸವೆತವನ್ನೋ ಕೋನವನ್ನೋ ಶಂಕಿಸಬೇಕು. ನಿಂತಲ್ಲಿಂದ ಹೊರಡುವಾಗ, 25 ಕಿ.ಮೀ. ವೇಗದೊಳಗೆ ಮಾತ್ರ ಕಾಣುವ ಅದುರು ಇವೆರಡಕ್ಕಿಂತ ಬೇರೆ. ಎಳೆತದ ಬಲಕ್ಕೆ ಹಿಂದಿನ ಆಕ್ಸಲ್ ಮೂತಿ ಮೇಲೆತ್ತುವುದರಿಂದಲೋ ಸ್ಪ್ಲೈನ್ ಗ್ರೀಸ್ ಒಣಗಿ ಬಿಗಿಯಾಗಿರುವುದರಿಂದಲೋ ಅದು ಬರುತ್ತದೆ. ಬ್ರೇಕ್ ತುಳಿದಾಗ ಮಾತ್ರ ಬರುವ ನಡುಕಕ್ಕೆ ಬ್ರೇಕ್ ಡಿಸ್ಕುಗಳನ್ನು ನೋಡಿದರಾಯಿತು.

ಮೊಬೈಲ್ ತೋರಿಸಿದ 18

ಈಗ ಎಲ್ಲರ ಜೇಬಿನಲ್ಲೂ ನಡುಕ ಅಳೆಯುವ ಸಾಧನವಿದೆ. ಮೊಬೈಲ್ ಫೋನಿನೊಳಗಿನ ಸಂವೇದಕ ಅಲುಗಾಟವನ್ನು ಗ್ರಹಿಸುತ್ತದೆ. ಆ್ಯಪ್ ಅದನ್ನು ಸೆಕೆಂಡಿಗೆ ಎಷ್ಟು ಬಾರಿ ಎಂಬ ನಕ್ಷೆಯಾಗಿ ತೋರಿಸುತ್ತದೆ. ಸಣ್ಣ ಗ್ಯಾರೇಜಿನವರಿಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ಮಿತಿ ತಿಳಿಯದೆ ಅಂಕೆಯನ್ನು ನಂಬಿದರೆ ಊಹೆಗಿಂತಲೂ ಹೆಚ್ಚು ಹಾನಿಯಾಗಬಹುದು.

ಆ ಆ್ಯಪ್ ಸೆಕೆಂಡಿಗೆ 100 ಬಾರಿ ಮಾತ್ರ ಅಲುಗಾಟವನ್ನು ದಾಖಲಿಸುತ್ತದೆ ಎಂದಿಟ್ಟುಕೊಂಡರೆ, ಅದಕ್ಕೆ ಸರಿಯಾಗಿ ಕಾಣುವುದು 50ರವರೆಗಿನ ನಡುಕ ಮಾತ್ರ. ಅದಕ್ಕಿಂತ ಹೆಚ್ಚಿನದು ಸುಳ್ಳು ವೇಷ ತೊಟ್ಟು ಕೆಳಗಿನ ಅಂಕೆಯಾಗಿ ಕಾಣಿಸಬಹುದು. ಸಿನೆಮಾ ಪರದೆಯ ಮೇಲೆ ಓಡುವ ರಥದ ಚಕ್ರ ಹಿಂದಕ್ಕೆ ತಿರುಗಿದಂತೆ ತೋರುವುದಕ್ಕೂ ಇದೇ ಕಾರಣ. 82ರ ನಡುಕ ಇಂಥ ಆ್ಯಪ್‌ನಲ್ಲಿ 100ರಿಂದ 82 ಕಳೆದ 18 ಆಗಿ ಕಾಣುತ್ತದೆ. ವರ್ತಕರ ವಾಹನದಲ್ಲಿ ಆದದ್ದೂ ಅದೇ. ಶಾಫ್ಟ್‌ನ 41ಕ್ಕೆ 18 ಹೊಂದುವುದಿಲ್ಲ. ಚಕ್ರದ ಸುತ್ತಿನ ಎರಡರಷ್ಟಕ್ಕೆ, ಅಂದರೆ 20.5ಕ್ಕೆ, ಸುಮಾರಾಗಿ ಹೊಂದುತ್ತದೆ. ಒಂದು ಸುತ್ತಿಗೆ ಎರಡು ಏಟು ಕೊಡುವ ಚಕ್ರವೆಂದರೆ ಮೊಟ್ಟೆಯಾಕಾರಕ್ಕೆ ತಿರುಗಿದ ಟೈರು. ಹೀಗೆ ತರ್ಕಬದ್ಧವಾಗಿಯೇ ನಾಲ್ಕು ಹೊಸ ಟೈರುಗಳು ಬಂದವು.

ಸುಳ್ಳನ್ನು ಹಿಡಿಯುವ ಉಪಾಯ ಸುಲಭ. ವೇಗವನ್ನು 85ಕ್ಕೆ ಇಳಿಸಿ ಮತ್ತೆ ನೋಡಬೇಕು. ನಿಜವಾದ ನಡುಕವಾದರೆ ಅಂಕೆಯೂ ಇಳಿಯಬೇಕು. ಆದರೆ 82 ಇದ್ದುದು 77.4ಕ್ಕೆ ಇಳಿದಾಗ ಪರದೆಯ ಮೇಲಿನ 18 ಏರಿ 22.6 ಆಗುತ್ತದೆ, ವೇಗ 95ಕ್ಕೆ ಏರಿದಾಗ 13.4ಕ್ಕೆ ಇಳಿಯುತ್ತದೆ. ವೇಗ ತಗ್ಗಿದಾಗ ಏರುವ ಅಂಕೆ ಯಾವ ಟೈರಿನದೂ ಅಲ್ಲ. ದಾಖಲಾತಿಯ ದರ ಸೆಕೆಂಡಿಗೆ 200ಕ್ಕಿಂತ ಹೆಚ್ಚಿರುವ ಆ್ಯಪ್ ಆರಿಸಿಕೊಂಡರೆ ಈ ತೊಡಕೇ ಇರುವುದಿಲ್ಲ. ಫೋನನ್ನು ಕೈಯಲ್ಲಿ ಹಿಡಿಯದೆ ಆಸನದ ಕೆಳಗಿನ ಲೋಹದ ಹಳಿಗೆ ಬಿಗಿಯಾಗಿ ಕಟ್ಟಬೇಕು. ನೋಡುವವರು ಚಾಲಕರಲ್ಲದೆ ಬೇರೆಯವರಾಗಿರಬೇಕು.

ಜಾಯಿಂಟಿನ ಸ್ವಭಾವ

ಶಾಫ್ಟ್‌ನ ತುದಿಯ ಕ್ರಾಸ್ ಜಾಯಿಂಟಿಗೆ ದೀರ್ಘ ಇತಿಹಾಸವಿದೆ. 16ನೇ ಶತಮಾನದ ಇಟಲಿಯ ಕಾರ್ಡಾನೊ, 17ನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಅದಕ್ಕೆ ಅಂಟಿಕೊಂಡಿವೆ. ಡಿಪ್ಲೊಮಾ ತರಗತಿಗಳಲ್ಲಿ ಇಂದಿಗೂ ಅದು ಹುಕ್ ಜಾಯಿಂಟ್. ಮೋಟಾರು ವಾಹನಕ್ಕೆ ಅದನ್ನು ಒಗ್ಗಿಸಿ 1903ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ಅವರು 1904ರಲ್ಲಿ ಆರಂಭಿಸಿದ ತಯಾರಿಕೆಯೇ ಮುಂದೆ ಡಾನಾ ಕಂಪನಿಯಾಗಿ ಬೆಳೆಯಿತು.

ಈ ಜಾಯಿಂಟಿಗೆ ಹುಟ್ಟಿನಿಂದಲೇ ಬಂದ ದೋಷವೊಂದಿದೆ. ಕೋನದಲ್ಲಿ ತಿರುಗುವಾಗ, ಒಳಬರುವ ವೇಗ ಸಮನಾಗಿದ್ದರೂ ಹೊರಹೋಗುವ ವೇಗ ಒಂದು ಸುತ್ತಿನಲ್ಲಿ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಕೋನ 5 ಡಿಗ್ರಿ ಇದ್ದರೆ 2,460 ಸುತ್ತಿನ ಶಾಫ್ಟ್ 2,451ಕ್ಕೂ 2,469ಕ್ಕೂ ನಡುವೆ ತುಯ್ಯುತ್ತದೆ. 10 ಡಿಗ್ರಿ ಆದರೆ 2,423ಕ್ಕೂ 2,498ಕ್ಕೂ ನಡುವೆ. ಕೋನ ಇಮ್ಮಡಿಯಾದರೆ ಏರಿಳಿತ ನಾಲ್ಕು ಪಟ್ಟು. ಇದನ್ನು ಇನ್ನೊಂದು ತುದಿಯ ಜಾಯಿಂಟ್ ಸರಿಯಾಗಿ ತಿರುಗಾಮುರುಗಾ ಮಾಡಿ ಅಳಿಸಿಹಾಕಬೇಕು. ಅದಕ್ಕೆ ಎರಡು ಷರತ್ತುಗಳು: ಶಾಫ್ಟ್‌ನ ಎರಡೂ ತುದಿಯ ಯೋಕ್‌ಗಳು ಒಂದೇ ಸಮತಲದಲ್ಲಿರಬೇಕು, ಎರಡೂ ತುದಿಯ ಕೋನಗಳು ಸಮನಾಗಿರಬೇಕು, ವ್ಯತ್ಯಾಸ ಒಂದು ಡಿಗ್ರಿ ಮೀರಬಾರದು. ಹಾಗೆಂದು ಕೋನ ಸೊನ್ನೆಯಾಗುವುದೂ ಒಳ್ಳೆಯದಲ್ಲ. ಆಗ ಬೇರಿಂಗಿನ ಸೂಜಿಗಳು ಉರುಳದೆ ನಿಂತಲ್ಲೇ ಕುಟ್ಟಿ, ಕ್ರಾಸಿನ ಮೈಯಲ್ಲಿ ಗೆರೆ ಬೀಳುತ್ತದೆ.

ವರ್ತಕರ ವಾಹನದಲ್ಲಿ ಮುರಿದಿದ್ದುದು ಮೊದಲ ಷರತ್ತು. ಕ್ಲಚ್ ಬದಲಾಯಿಸಲು ಗೇರ್ ಬಾಕ್ಸ್ ಇಳಿಸಬೇಕು, ಅದಕ್ಕೆ ಶಾಫ್ಟ್ ಬಿಚ್ಚಬೇಕು. ಬಿಚ್ಚುವಾಗ ಸ್ಪ್ಲೈನ್ ಕಳಚಿಕೊಂಡಿತು. ಮರಳಿ ತೂರಿಸುವಾಗ ಒಂದು ಹಲ್ಲು ಆಚೀಚೆಯಾಯಿತು. 16 ಹಲ್ಲುಗಳ ಸ್ಪ್ಲೈನಿನಲ್ಲಿ ಒಂದು ಹಲ್ಲಿನ ತಪ್ಪೆಂದರೆ 22.5 ಡಿಗ್ರಿ. ಕೆಲವು ಶಾಫ್ಟ್‌ಗಳಲ್ಲಿ ಒಂದು ಹಲ್ಲನ್ನು ಅಗಲ ಮಾಡಿ ತಪ್ಪಾಗಿ ಕೂರದಂತೆ ಮಾಡಿರುತ್ತಾರೆ, ಎಲ್ಲದರಲ್ಲೂ ಇಲ್ಲ. ಬಿಚ್ಚುವ ಮುನ್ನ ಎರಡೂ ಭಾಗಗಳ ಮೇಲೆ ಒಂದು ಗೆರೆ ಬಿಳಿ ಬಣ್ಣ ಎಳೆದಿದ್ದರೆ ಮುಂದಿನ ಯಾವ ಬಿಲ್ಲೂ ಬರುತ್ತಿರಲಿಲ್ಲ. ಶಾಫ್ಟ್ ಡಿಫರೆನ್ಷಿಯಲ್ಲಿಗೆ ಸೇರುವ ಫ್ಲೇಂಜ್‌ಗೂ ಈ ಗುರುತು ಅಗತ್ಯ.

ಎರಡನೆಯ ಷರತ್ತು ಮುರಿಯುವುದು ಹೆಚ್ಚಾಗಿ ಮಾಲೀಕರ ಆಸೆಯಿಂದ. ಸ್ಪ್ರಿಂಗ್ ಎತ್ತರಿಸಿ ವಾಹನವನ್ನು ಮೇಲಕ್ಕೇರಿಸಿದಾಗ ಶಾಫ್ಟ್‌ನ ಇಳಿಜಾರು ಹೆಚ್ಚುತ್ತದೆ, ಜಾಯಿಂಟಿನ ಕೋನಗಳು ಬೆಳೆಯುತ್ತವೆ. ನೋಂದಣಿಯಾದ ವಾಹನದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಡ್ಡುವ ಮಿತಿಗಳು ಬೇರೆ. ಕೋನ ಅಳೆಯುವಾಗ ವಾಹನ ತನ್ನ ಚಕ್ರಗಳ ಮೇಲೇ ನಿಂತಿರಬೇಕು, ಇಲ್ಲವೇ ಆಸರೆ ಆಕ್ಸಲ್ಲಿನ ಕೆಳಗಿರಬೇಕು. ಚಾಸಿಗೆ ಜಾಕ್ ಕೊಟ್ಟು ಆಕ್ಸಲ್ ಜೋತುಬಿದ್ದಾಗ ಅಳೆದ ಕೋನಕ್ಕೆ ಅರ್ಥವಿಲ್ಲ. ಮುಂದಿನ ಶಾಫ್ಟ್‌ನಲ್ಲಿ ಹಲವು ವೇಳೆ ಟ್ರಾನ್ಸ್‌ಫರ್ ಕೇಸಿನ ಬಳಿ ಜೋಡಿ ಕ್ರಾಸ್ ಇರುತ್ತದೆ. ಅದು ತನ್ನ ಏರಿಳಿತವನ್ನು ತಾನೇ ಅಳಿಸಿಕೊಳ್ಳುವುದರಿಂದ, ಅಲ್ಲಿ ಸಮಕೋನದ ನಿಯಮ ಅನ್ವಯಿಸದು. ಡಿಫರೆನ್ಷಿಯಲ್ಲಿನ ಮೂತಿ ಶಾಫ್ಟ್‌ನ ದಿಕ್ಕಿಗೇ ನೋಡುತ್ತಿರಬೇಕು.

ಸವೆದ ಕ್ರಾಸನ್ನು ಗುರುತಿಸಲು ಕಣ್ಣೇ ಸಾಕಾಗಬಹುದು. ಟೋಪಿಗಳ ಸುತ್ತ ಕುಂಕುಮದಂಥ ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸ್ ಮುಗಿದು ಲೋಹ ಲೋಹವನ್ನು ತಿನ್ನುತ್ತಿದೆ ಎಂದೇ ಅರ್ಥ. ಇದನ್ನು ಮುಂದೂಡಬಾರದು. ಓಡುವಾಗ ಶಾಫ್ಟ್‌ನ ಮುಂದಿನ ತುದಿ ಕಳಚಿ ರಸ್ತೆಗೆ ಊರಿದರೆ ಆಗುವ ಅನಾಹುತದ ಮುಂದೆ ಕ್ರಾಸಿನ ಬೆಲೆ ಯಾವ ಲೆಕ್ಕಕ್ಕೂ ಇಲ್ಲ.

ಬ್ಯಾಲೆನ್ಸಿಂಗ್ ಯಂತ್ರದ ಮುಂದೆ

ಸ್ಪ್ಲೈನ್ ಸರಿಪಡಿಸಿದ ಮೇಲೆ 82ರ ಮೊರೆತ ನಿಂತಿತು. ಆದರೆ ಅದರ ಹಿಂದೆ ಅಡಗಿದ್ದ 41ರ ಸಣ್ಣ ನಡುಕವೊಂದು ಈಗ ತಿಳಿಯತೊಡಗಿತು. ಒಂದು ನಡುಕ ಇನ್ನೊಂದನ್ನು ಮುಚ್ಚಿಡುವುದು ಅಪರೂಪವಲ್ಲ. ಶಾಫ್ಟ್‌ನ ಮೈಯನ್ನು ಒರೆಸಿ ನೋಡಿದಾಗ ಬೆಸುಗೆಯ ಎರಡು ಚುಕ್ಕೆಗಳು ಮಾತ್ರ ಉಳಿದಿದ್ದವು. ಅಲ್ಲಿದ್ದ ತೂಕದ ಬಿಲ್ಲೆ ಉದುರಿಹೋಗಿತ್ತು.

ಬಿಲ್ಲೆ 20 ಗ್ರಾಂ ಇದ್ದು, ಶಾಫ್ಟ್‌ನ ವ್ಯಾಸ 76 ಮಿ.ಮೀ. ಎಂದಾದರೆ, ಸೆಕೆಂಡಿಗೆ 41 ಸುತ್ತಿನಲ್ಲಿ ಹುಟ್ಟುವ ಎಳೆತ ಸುಮಾರು 5 ಕಿಲೋಗ್ರಾಂ ತೂಕದಷ್ಟು. ಐದು ಕಿಲೋ ಸುತ್ತಿಗೆಯೊಂದು ಸೆಕೆಂಡಿಗೆ 41 ಬಾರಿ ದಿಕ್ಕು ಬದಲಿಸುತ್ತ ಬೇರಿಂಗನ್ನು ಎಳೆದಾಡಿದಂತೆ. ವೇಗ ಇಮ್ಮಡಿಯಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಆಯಿಲ್ ಸೀಲು ಪದೇ ಪದೇ ಸೋರುತ್ತಿದ್ದರೆ ಸೀಲಿನ ಗುಣಮಟ್ಟವನ್ನು ಬೈಯುವ ಮುನ್ನ ಶಾಫ್ಟನ್ನು ನೋಡುವುದು ಒಳಿತು.

ಯಂತ್ರಕ್ಕೆ ಒಯ್ಯುವ ಮುನ್ನ ಖಚಿತಪಡಿಸಿಕೊಳ್ಳಲು ಹಳೆಯ ಉಪಾಯವೊಂದಿದೆ. ಶಾಫ್ಟ್‌ನ ಹಿಂತುದಿಯ ಸುತ್ತ ಸೀಮೆಸುಣ್ಣದಿಂದ ನಾಲ್ಕು ಗುರುತು ಹಾಕಿ, ನೀರಿನ ಪೈಪು ಬಿಗಿಯುವ ಹೋಸ್ ಕ್ಲಿಪ್ಪೊಂದನ್ನು ತೊಡಿಸಿ, ಅದರ ಸ್ಕ್ರೂ ಒಂದೊಂದು ಗುರುತಿಗೆ ಬರುವಂತೆ ತಿರುಗಿಸಿ ನೋಡಬೇಕು. ಒಂದು ಸ್ಥಾನದಲ್ಲಿ ನಡುಕ ತಗ್ಗಿ ಎದುರಿನ ಸ್ಥಾನದಲ್ಲಿ ಹೆಚ್ಚಿದರೆ ದೋಷ ಅಸಮತೋಲನವೇ. ನಾಲ್ಕರಲ್ಲೂ ಒಂದೇ ಬಗೆಯಾದರೆ ಬೇರೆ ಕಡೆ ಹುಡುಕಬೇಕು. ಇದು ಪತ್ತೆಗೆ ಮಾತ್ರ. ಕ್ಲಿಪ್ ಕಟ್ಟಿಕೊಂಡೇ ವರ್ಷ ಕಳೆಯುವುದು ದುರಸ್ತಿಯಲ್ಲ.

ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ಲೇತು, ವೆಲ್ಡಿಂಗು ಇಟ್ಟುಕೊಂಡವರಿಗೆ ಶಾಫ್ಟ್‌ನ ಕೊಳವೆ ಕತ್ತರಿಸಿ ಹೊಸದನ್ನು ಬೆಸೆಯುವುದು ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಬೆಸುಗೆಯ ಮುನ್ನ ಮತ್ತು ಅನಂತರದ ಅಳತೆಯಲ್ಲಿ. ಯೋಕ್‌ಗಳು ಒಂದೇ ಸಮತಲದಲ್ಲಿವೆಯೇ, ಬೆಸುಗೆಯ ಬಿಸಿಗೆ ಕೊಳವೆ ಬಾಗಿದೆಯೇ ಎಂಬುದನ್ನು ಡಯಲ್ ಗೇಜ್ ಇಟ್ಟು ನೋಡಬೇಕು. ಅರ್ಧ ಮಿಲಿಮೀಟರಿಗಿಂತ ಹೆಚ್ಚಿನ ಓಲಾಟ ಕಂಡರೆ ಎಚ್ಚರ ಅಗತ್ಯ. ಆಯಾ ವಾಹನದ ಕೈಪಿಡಿಯ ಮಿತಿಯೇ ಕೊನೆಯ ಮಾತು. ಬಾಗಿದ ಶಾಫ್ಟ್‌ಗೆ ತೂಕ ಅಂಟಿಸಿ ಬ್ಯಾಲೆನ್ಸ್ ಮಾಡುವುದು ಕುಂಟುವ ಮೇಜಿನ ಕಾಲಿಗೆ ಕಾಗದ ಮಡಿಸಿಟ್ಟಂತೆ.

ಸಮತೋಲನದ ದರ್ಜೆಗೂ ಅಂತರರಾಷ್ಟ್ರೀಯ ಮಾನಕವಿದೆ. ಮೊದಲು ಐಎಸ್‌ಒ 1940 ಎಂದಿದ್ದುದು 2016ರಿಂದ ಐಎಸ್‌ಒ 21940ರ 11ನೇ ಭಾಗವಾಗಿದೆ; ಪ್ರೊಪೆಲ್ಲರ್ ಶಾಫ್ಟ್‌ಗೆ ಅದರಲ್ಲಿ ಸೂಚಿತವಾಗಿರುವುದು ಜಿ 16 ದರ್ಜೆ. ಕೆಲಸದ ಭಾಷೆಯಲ್ಲಿ ಹೇಳುವುದಾದರೆ, 12 ಕಿಲೋ ತೂಕದ, 76 ಮಿ.ಮೀ. ವ್ಯಾಸದ ಶಾಫ್ಟ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ತುದಿಯಲ್ಲಿ ಉಳಿಯಬಹುದಾದ ಅಸಮತೋಲನ ಸುಮಾರು 8 ಗ್ರಾಂ. ಯಂತ್ರದಿಂದ ಇಳಿಸಿದ ಶಾಫ್ಟ್‌ನೊಂದಿಗೆ, ಎಷ್ಟಿತ್ತು, ಎಷ್ಟು ಉಳಿಯಿತು ಎಂಬ ಎರಡು ಅಂಕೆಗಳ ಚೀಟಿ ಕೊಡುವ ಕಾರ್ಯಾಗಾರವನ್ನು ಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಯಂತ್ರದಲ್ಲಿ ಸರಿಯಿದ್ದ ಶಾಫ್ಟ್ ವಾಹನದಲ್ಲಿ ಮತ್ತೆ ನಡುಗಿದರೆ ಫ್ಲೇಂಜಿನ ಮುಖದಲ್ಲಿ ತುಕ್ಕೋ ಮಣ್ಣೋ ಸಿಕ್ಕಿರಬಹುದು. ಸ್ವಚ್ಛಗೊಳಿಸಿ, ಫ್ಲೇಂಜನ್ನು ಅರ್ಧ ಸುತ್ತು ತಿರುಗಿಸಿ ಜೋಡಿಸಿದಾಗ ನಡುಕ ಬದಲಾದರೆ ಫ್ಲೇಂಜೇ ಓರೆಯಾಗಿದೆ ಎಂದು ತಿಳಿಯಬೇಕು.

ನಾಲ್ಕು ಚಕ್ರದ ಹೆಚ್ಚಿನ ತೊಡಕು

ಫೋರ್ ವೀಲ್ ಡ್ರೈವ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ವ್ಯವಸ್ಥೆಗಳಿವೆ. ಬಿಡದಿಯಲ್ಲಿ ತಯಾರಾಗುವ ಫಾರ್ಚುನರ್ ವಾಹನವನ್ನೇ ನೋಡಿದರೆ, 2009ರಲ್ಲಿ ಭಾರತಕ್ಕೆ ಬಂದ ಮೊದಲ ತಲೆಮಾರಿನ ಫೋರ್ ವೀಲ್ ಡ್ರೈವ್ ಮಾದರಿಯಲ್ಲಿ ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಹರಿಯುತ್ತಿತ್ತು. 2016ರಲ್ಲಿ ಬಂದ ಎರಡನೆಯ ತಲೆಮಾರಿನಲ್ಲಿ ಅಗತ್ಯಬಿದ್ದಾಗ ಮಾತ್ರ ಮುಂದಿನ ಚಕ್ರಗಳನ್ನು ಸೇರಿಸಿಕೊಳ್ಳುವ ಏರ್ಪಾಡು. ಪರೀಕ್ಷೆಯ ಕ್ರಮ ಇದರ ಮೇಲೆ ನಿಂತಿದೆ.

ಅಗತ್ಯಬಿದ್ದಾಗ ಸೇರಿಸುವ ವ್ಯವಸ್ಥೆಯಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಸೇರಿಸಿದೊಡನೆ ಎರಡೂ ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ. ಕೆಸರಿನಲ್ಲಿ ಚಕ್ರಗಳು ಜಾರಿ ಹೊಂದಿಕೊಳ್ಳುತ್ತವೆ. ಒಣ ಡಾಂಬರಿನ ಮೇಲೆ ಜಾರಲಾರವು. ಮುಂದಿನ ಟೈರಿನ ಸುತ್ತಳತೆ ಹಿಂದಿನದಕ್ಕಿಂತ ಶೇಕಡ ಒಂದರಷ್ಟು ಬೇರೆಯಾಗಿದ್ದರೂ ಒಂದು ಕಿಲೋಮೀಟರಿಗೆ ಶಾಫ್ಟ್‌ಗಳ ನಡುವೆ ಸುಮಾರು 16 ಸುತ್ತಿನ ವ್ಯತ್ಯಾಸ ಬರಬೇಕು. ಅದಕ್ಕೆ ದಾರಿಯಿಲ್ಲದೆ ಭಾಗಗಳು ಒಂದಕ್ಕೊಂದು ತಿರುಚಿಕೊಂಡು ಎಳೆದಾಡುತ್ತವೆ. ತಿರುವಿನಲ್ಲಿ ವಾಹನ ಕುಪ್ಪಳಿಸಿದಂತಾಗುವುದು ಇದರಿಂದಲೇ. ತೋಟದಿಂದ ಹೆದ್ದಾರಿಗೆ ಬಂದ ಮೇಲೂ ಲಿವರ್ ತೆಗೆಯಲು ಮರೆತವರು ಇದನ್ನು ದೋಷವೆಂದು ಭಾವಿಸಿ ಗ್ಯಾರೇಜಿಗೆ ತರುವುದುಂಟು.

ಯಾವ ಶಾಫ್ಟ್ ಎಂದು ತಿಳಿಯಲು ಒಂದನ್ನು ಬಿಚ್ಚಿಟ್ಟು ಓಡಿಸಿ ನೋಡುವ ಪದ್ಧತಿ ಇದೆ, ಉಪಯುಕ್ತವೂ ಹೌದು. ಆದರೆ ಸದಾ ಶಕ್ತಿ ಹರಿಯುವ ವ್ಯವಸ್ಥೆಯಲ್ಲಿ ನಡುವಿನ ಡಿಫರೆನ್ಷಿಯಲ್ಲನ್ನು ಲಾಕ್ ಮಾಡದೆ ಹೀಗೆ ಮಾಡಬಾರದು. ಲಾಕ್ ಇಲ್ಲದಿದ್ದರೆ ಶಕ್ತಿಯೆಲ್ಲ ಬಿಚ್ಚಿದ ಕಡೆಗೇ ಹರಿದುಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ನಿಲ್ಲಿಸಿದಾಗ ಗೇರಿನಲ್ಲಿಟ್ಟರೂ ವಾಹನ ಉರುಳಬಲ್ಲದು. ಹ್ಯಾಂಡ್ ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಕೊಡದೆ ಯಾರೂ ಕೆಳಗೆ ನುಸುಳಬಾರದು. ಸ್ಟ್ಯಾಂಡುಗಳ ಮೇಲೆ ಎತ್ತಿ ಚಕ್ರ ತಿರುಗಿಸುವಾಗಲೂ ಒಂದು ಚಕ್ರ ನಿಂತುಬಿಟ್ಟರೆ ಎದುರಿನದು ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ ಎಂಬುದು ನೆನಪಿರಬೇಕು. ವೇಗಮಾಪಕ ಅದನ್ನು ತೋರಿಸುವುದಿಲ್ಲ.

ಪತ್ತೆಯ ಕೂಲಿ

ಇಷ್ಟೆಲ್ಲ ತಿಳಿದಿದ್ದರೂ ಗ್ಯಾರೇಜಿನವರು ಏಕೆ ಮಾಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ತಾಂತ್ರಿಕವಲ್ಲ, ವ್ಯಾಪಾರದ್ದು. ಟೈರು ಮಾರಿದರೆ ಲಾಭವಿದೆ, ಬಿಚ್ಚಿ ಜೋಡಿಸಿದರೆ ಕೂಲಿಯಿದೆ. ಎರಡು ಗಂಟೆ ಓಡಿಸಿ, ಅಳೆದು, ಲೆಕ್ಕ ಹಾಕಿದ್ದಕ್ಕೆ ಬಿಲ್ಲಿನಲ್ಲಿ ಸಾಲೇ ಇರುವುದಿಲ್ಲ. ಇದ್ದರೂ ಗ್ರಾಹಕರು ಅದನ್ನು ಹೊಡೆದುಹಾಕಲು ಕೇಳುತ್ತಾರೆ. ಸಾವಿರಾರು ರೂಪಾಯಿಯ ಟೈರಿಗೆ ಚೌಕಾಶಿ ಮಾಡದ ವರ್ತಕರೂ, ಕೆಲವು ನೂರು ರೂಪಾಯಿಯ ಪರೀಕ್ಷಾ ಶುಲ್ಕಕ್ಕೆ, 'ಏನೂ ಬದಲಾಯಿಸಲಿಲ್ಲವಲ್ಲ' ಎನ್ನುತ್ತಾರೆ. ವೈದ್ಯರಿಗೆ ಸಲ್ಲುವ ಶುಲ್ಕ ಮೇಸ್ತ್ರಿಗೆ ಸಲ್ಲದ ತನಕ ಗ್ಯಾರೇಜಿನಲ್ಲಿ ಔಷಧವನ್ನು ಊಹೆಯ ಮೇಲೆಯೇ ಬರೆಯಲಾಗುತ್ತದೆ.

ಎರಡೂ ಕಡೆಯವರು ಪಾಲಿಸಬಹುದಾದ ಪದ್ಧತಿ ಕಷ್ಟದ್ದಲ್ಲ. ವಾಹನ ಒಪ್ಪಿಸುವಾಗಲೇ ಮಾಲೀಕರು ಜಾಬ್ ಕಾರ್ಡಿನಲ್ಲಿ ನಡುಕ ಕಾಣುವ ವೇಗ, ಗೇರು, ಎಳೆಯುವಾಗಲೋ ಬಿಟ್ಟಾಗಲೋ ಎಂಬುದು, ಕಳೆದ ಆರು ತಿಂಗಳಲ್ಲಿ ಬಿಚ್ಚಿದ ಭಾಗಗಳು ಇಷ್ಟನ್ನು ಬರೆಸಬೇಕು. ಈ ಕೊನೆಯ ವಿವರ ಎಲ್ಲಕ್ಕಿಂತ ಮುಖ್ಯ. ಬದಲಾವಣೆಯಾದ ಮರುವಾರ ಹುಟ್ಟಿದ ರೋಗಕ್ಕೆ ಆ ಬದಲಾವಣೆಯನ್ನೇ ಮೊದಲು ಸಂಶಯಿಸಬೇಕು. ಗ್ಯಾರೇಜಿನವರು ಪರೀಕ್ಷೆಗೆ ಪ್ರತ್ಯೇಕ ದರ ನಿಗದಿಮಾಡಿ ಫಲಕದಲ್ಲಿ ಬರೆಯಬೇಕು, ದೋಷ ತಮ್ಮಲ್ಲೇ ದುರಸ್ತಿಯಾದರೆ ಆ ಮೊತ್ತವನ್ನು ಬಿಲ್ಲಿನಲ್ಲಿ ಕಳೆಯಬಹುದು. ದುರಸ್ತಿಯ ಮುಂಚಿನ ಮತ್ತು ಅನಂತರದ ಅಂಕೆಗಳನ್ನು ಬಿಲ್ಲಿನ ಕೆಳಗೆ ನಮೂದಿಸಬೇಕು.

ಚಿಕ್ಕಮಗಳೂರಿನ ವಾಹನದ ಕೊನೆಯ ಬಿಲ್ಲು ಎಲ್ಲಕ್ಕಿಂತ ಚಿಕ್ಕದು: ಪರೀಕ್ಷೆ, ಶಾಫ್ಟ್ ಬಿಚ್ಚಿ ಜೋಡಿಸಿದ್ದು, ಎರಡು ತುದಿಯ ಬ್ಯಾಲೆನ್ಸಿಂಗ್, ಗ್ರೀಸ್. ಹಳೆಯ ಟೈರುಗಳಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಹಲ್ಲು ಉಳಿದಿತ್ತು. ಅಷ್ಟರಲ್ಲಿ ಅವು ಬೇರೊಬ್ಬರ ವಾಹನಕ್ಕೆ ಹೋಗಿಯಾಗಿತ್ತು.